ಇನ್ನೂರ ಹದಿಮೂರನೆಯ ಸಲ

"ಆ ಹಸಿರು ಗುಂಡಿ ಬರೆದವರು ಯಾರು? ಮೊದಲು ಅವರನ್ನ ಹೊರಗೆ ಕರೀರಿ!"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಕಚೇರಿಯೊಳಗಿನ ಐದಾರು ತಲೆಗಳು ಒಮ್ಮೆಲೇ ಮೇಲೆದ್ದವು.

ಹೊಸ್ತಿಲಲ್ಲಿ ನಿಂತವಳ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ತೋಳಿನ ಮೇಲೆ ಸಾಲಾಗಿ ಚುಚ್ಚಿದ ಗುಂಡುಸೂಜಿಗಳು. ಕೂದಲಲ್ಲಿ ನೀಲಿ ದಾರದ ಎಳೆ. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳು ಎದ್ದ ಹಾಗೆಯೇ ಇಡೀ ಪೇಟೆ ದಾಟಿ, ಬೀಜದಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬಂದಿದ್ದಳು.

ಪೇಟೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಟೇಪಕ್ಕ ಎಂದೇ. ಅಂಗಡಿಯ ಹೊರಗೆ ಆ ಟೇಪು ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ.

"ಯಾವ ಗುಂಡಿ ಮೇಡಂ?" ಎಂದಳು ಮುಂದಿನ ಮೇಜಿನವಳು.

"ನಿಮ್ಮ ಅಳತೆ ಆ್ಯಪ್‌ದು! 'ಎಲ್ಲಕ್ಕೂ ಒಪ್ಪಿದೆ' ಅಂತ ಮೊದಲೇ ಟಿಕ್ಕು ಹಾಕಿದ ಅಂಗೈಯಷ್ಟಗಲ ಹಸಿರು ಗುಂಡಿ. ಅದರ ಕೆಳಗೆ 'ಬೇಡ' ಅನ್ನೋದು ಇರುವೆ ಕಾಲಷ್ಟು! ಕೆಲಸದ ಗಡಿಬಿಡೀಲಿ ಇರೋರ ಬೆರಳು ಯಾವುದಕ್ಕೆ ಹೋಗುತ್ತೆ, ನೀವೇ ಹೇಳಿ!"

ಹಿಂದಿನ ಸಾಲಿನಲ್ಲಿ ಒಬ್ಬ ದಡಕ್ಕನೆ ಎದ್ದ. ಎದ್ದ ರಭಸಕ್ಕೆ ಅವನ ತೋಳು ಕಬ್ಬಿಣದ ಬೀರುವಿನ ಮೂಲೆಗೆ ಸಿಕ್ಕಿ, ಅಂಗಿ ಪರ್ರನೆ ಮೊಣಕೈವರೆಗೆ ಹರಿಯಿತು! ಅವನು ಅತ್ತ ತಿರುಗಿಯೂ ನೋಡಲಿಲ್ಲ.

"ನಾನು," ಎಂದ. "ಆ ಗುಂಡಿ ಬರೆದವನು ನಾನೇ."

ದಾರಿಯುದ್ದಕ್ಕೂ ಅವಳು ಬೈಗುಳಗಳನ್ನು ಮಡಿಸಿ ಜೋಡಿಸಿಕೊಂಡು ಬಂದಿದ್ದಳು. ಅವೆಲ್ಲ "ಅದು ನಮ್ಮ ವಿಭಾಗ ಅಲ್ಲ" ಎನ್ನುವವರಿಗಾಗಿ. ತಪ್ಪನ್ನು ಹೀಗೆ ಎದುರಿಗೆ ನಿಂತು ಒಪ್ಪಿಕೊಳ್ಳುವವನಿಗೆ ಏನು ಬೈಯಬೇಕೆಂದು ಅವಳು ಯೋಚಿಸಿರಲೇ ಇಲ್ಲ.

'ಕಣ್ಣು ತಗ್ಗಿಸ್ತಿಲ್ಲ ಇವನು... ಆದ್ರೆ ಜಂಬಾನೂ ಇಲ್ಲ.'

"ಹಾಗಾದ್ರೆ ನೀವೇ ಬನ್ನಿ," ಎಂದಳು. "ನಮ್ಮ ಟೀಚರಮ್ಮನ ಮುಂದೆ ನಿಂತು ಹೇಳಿ."

* * *

ಟೇಪಕ್ಕನ ಅಂಗಡಿ ಒಂದೇ ಕೋಣೆಯದು. ರಸ್ತೆಯ ಕಡೆಗೆ ಗಾಜಿನ ಕಿಟಕಿ, ಹಿಂದಿನ ಕಿಟಕಿ ತೆರೆದರೆ ಹುಲ್ಲುಗಾವಲು, ದನಗಳ ಕೊರಳ ಗಂಟೆ. ಯಂತ್ರ ಎರಡು. ಒಂದು ಅವಳದು, ಇನ್ನೊಂದು ಅವಳನ್ನು ಸಾಕಿ ಕೆಲಸ ಕಲಿಸಿದ ಸೋದರತ್ತೆಯದು.

ಅತ್ತೆಗೆ ಈಗ ಕಣ್ಣು ಮಂಜು. ಆದರೂ ಬೆರಳು ಸುಮ್ಮನಿರುವುದಿಲ್ಲ. ಕಾಲರಿನ, ತೋಳುಪಟ್ಟಿಯ ಮಾದರಿಗಳನ್ನು ಕಾಗದದಲ್ಲಿ ಕತ್ತರಿಸಿ ಗೋಡೆಯ ಮೊಳೆಗೆ ಸಿಕ್ಕಿಸುತ್ತಲೇ ಇರುತ್ತಾಳೆ.

ಅತ್ತೆಯ ಆಸ್ತಿಯೆಂದರೆ ಅಳತೆ ಪುಸ್ತಕ. ರಟ್ಟು ಸವೆದ ದಪ್ಪ ಪುಸ್ತಕ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಪುಟ. ಎದೆ, ಸೊಂಟ, ಭುಜ, ತೋಳು... ಎಲ್ಲ ಅಂಕಿಗಳೂ ಇವೆ. ಹೆಸರು ಮಾತ್ರ ಎಲ್ಲೂ ಇಲ್ಲ! ಹೆಸರು ಇರಬೇಕಾದಲ್ಲಿ ಆಕೆ ಮೊದಲ ಸಲ ಹೊಲಿಸಿದ ಬಟ್ಟೆಯ ಒಂದು ಚೂರು ಅಂಟಿಸಿದೆ. ಪುಸ್ತಕ ಯಾರ ಕೈಗೆ ಸಿಕ್ಕರೂ ಯಾವ ಅಳತೆ ಯಾರದೆಂದು ತಿಳಿಯದು. ಅತ್ತೆ ಚೂರನ್ನು ಬೆರಳಲ್ಲಿ ತಿಕ್ಕಿ, "ಇದು ಹಾಲಿನವಳದು, ಇದು ನರ್ಸಮ್ಮಂದು" ಎನ್ನುತ್ತಾಳೆ. ಈ ಗುರುತು ಗೊತ್ತಿದ್ದವರು ಅವರಿಬ್ಬರೇ.

ಪುಸ್ತಕದ ಹಾಳೆ ಪುಡಿಯಾಗತೊಡಗಿದಾಗ ಟೇಪಕ್ಕ ಅಳತೆ ಆ್ಯಪ್ ಹಾಕಿಕೊಂಡಳು. ನಾಲ್ಕು ದಿನ ಕೂತು ಎಲ್ಲ ಅಂಕಿಗಳನ್ನೂ ಅದಕ್ಕೆ ತುಂಬಿದಳು. ಆ್ಯಪ್ ಹೆಸರು ಕೇಳಿತು, ಕೊಟ್ಟಳು. ಫೋನ್ ನಂಬರ್ ಕೇಳಿತು; ಕೊಟ್ಟಳು. ಆಮೇಲೆ ಬಂದದ್ದು ಹಸಿರು ಗುಂಡಿ.

ಒತ್ತಿದಳು.

ಟೀಚರಮ್ಮನ ಪುಟದಲ್ಲಿ ಒಂದು ಸಾಲು ಬೇರೆಯವರದ್ದರಲ್ಲಿ ಇಲ್ಲದ್ದು. 'ಎಡಗಡೆ ಒಳಜೇಬು, ಮೆತ್ತೆ ಇಡಲು.' ಕಾಯಿಲೆಯಲ್ಲಿ ಆಕೆಯ ಒಂದು ಸ್ತನ ತೆಗೆದಿದ್ದರು. ಅದನ್ನು ಶಾಲೆಯಲ್ಲಿ ಯಾರೂ ಅರಿಯರು. ಅರಿಯದ ಹಾಗೆ ಹೊಲಿದುಕೊಡುತ್ತಿದ್ದವಳು ಟೇಪಕ್ಕ.

ಟೇಪಕ್ಕ ಕಚೇರಿಗೆ ನುಗ್ಗಿದ ಆ ದಿನ ಬೆಳಗ್ಗೆ ಶಾಲೆಯ ಎಂಟು ಮಂದಿಯ ಫೋನು ಒಟ್ಟಿಗೆ ಟಿಣ್ ಎಂದಿತು. 'ನಿಮಗೆ ಪರಿಚಯವಿರುವ ಇವರು ಈ ಉಡುಪು ಹೊಲಿಸಿದ್ದಾರೆ. ನೀವೂ ಹೊಲಿಸಿ!' ಕೆಳಗೆ ಟೀಚರಮ್ಮನ ಹೆಸರು, ಅಳತೆ... ಮತ್ತು ಆ ಒಂದು ಸಾಲು.

ಟೀಚರಮ್ಮ ಕೂಗಾಡಲಿಲ್ಲ. ಅಂಗಡಿಗೆ ಬಂದು, ಹೊಲಿಸಿದ್ದ ಮೂರು ಉಡುಪುಗಳನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ನನ್ನ ಅಳತೆ ನನಗೆ ವಾಪಸ್ ಕೊಡು," ಎಂದಳು. ಅಷ್ಟೇ.

ಟೇಪಕ್ಕ ಎದ್ದ ಹಾಗೆಯೇ ಆ್ಯಪ್‌ನವರ ಕಚೇರಿಯತ್ತ ಹೊರಟಳು. 'ಹೇಗೆ ಕೊಡಲಿ? ಹೋದ ಮಾತನ್ನ ಎಲ್ಲಿಂದ ಹಿಡಿದು ತರಲಿ?'

* * *

ಅವನು ನಿಜವಾಗಿಯೂ ಬಂದ! ಟೀಚರಮ್ಮನ ಮನೆ ಬಾಗಿಲಲ್ಲಿ ನಿಂತು, "ತಪ್ಪು ನನ್ನದು. ನಿಮ್ಮ ಟೇಪಕ್ಕನದಲ್ಲ," ಎಂದ. ಬಾಗಿಲು ಮುಚ್ಚಿಕೊಂಡಿತು. ಅದನ್ನೂ ಅವನು ತಲೆಬಾಗಿ ಒಪ್ಪಿಕೊಂಡ.

ಹಿಂದಿರುಗುವಾಗ ಅಂಗಡಿಯಲ್ಲಿ ಕೂತು ಕಾನೂನು ಬಿಡಿಸಿ ಹೇಳಿದ. ಹೊಸ ಕಾನೂನು ಬಂದಿದೆ. ನಮ್ಮ ವಿಷಯ ಕಂಪನಿಯ ಹತ್ತಿರ ಏನೇನಿದೆ, ಯಾರು ಯಾರು ತೆರೆದು ನೋಡಿದ್ದಾರೆ ಎಂದು ಕೇಳುವ ಹಕ್ಕಿದೆ. ಅಳಿಸಿ ಎನ್ನುವ ಹಕ್ಕೂ ಇದೆ. ಮೂವತ್ತು ದಿನದೊಳಗೆ ಕಂಪನಿ ಉತ್ತರ ಕೊಡಲೇಬೇಕು.

"ಅಳಿಸು ಅಂತ ಒಂದು ಗುಂಡಿ ಇದೆಯಲ್ಲ, ಒತ್ತಿದ್ರೆ ಆಯ್ತು!"

"ಅದು ಅಳಿಸಲ್ಲ ಮೇಡಂ... ಮರೆ ಮಾಡುತ್ತೆ ಅಷ್ಟೇ. ಒಳಗೆ ಹಾಗೇ ಇರುತ್ತೆ."

"ಅಂದ್ರೆ ಕಸ ಗುಡಿಸಿ ಚಾಪೆ ಕೆಳಗೆ ತಳ್ಳಿದ ಹಾಗೆ! ಅದನ್ನೂ ನೀವೇ ಬರೆದದ್ದಾ?"

"ಇಲ್ಲ. ಆದ್ರೆ ನೋಡ್ಕೊಂಡು ಸುಮ್ನಿದ್ದೆ."

ಮೂಲೆಯಿಂದ ಅತ್ತೆ ಕೇಳಿದಳು, "ಯಾರೇ ಅದು? ಧ್ವನಿ ಚೆನ್ನಾಗಿದೆ, ಮಾತು ಮಾತ್ರ ಬರೀ ತಪ್ಪೊಪ್ಪಿಗೆ!"

"ಆ್ಯಪ್‌ನವರು ಅತ್ತೆ. ಒಪ್ಪಿಗೆ ಟಿಕ್ಕು ಮೊದಲೇ ಹಾಕಿ ಇಡೋರು."

"ಓ, ಟಿಕ್ಕುರಾಯ!" ಎಂದಳು ಅತ್ತೆ. ಆ ಕ್ಷಣದಿಂದ ಅವನ ಹೆಸರು ಅದೇ ಆಯಿತು. "ಬಟ್ಟೆ ಹರಿದಿದೆ ಕಣೇ ಅವನದು. ಆಗಿನಿಂದ ಗಾಳಿಗೆ ಪಟಪಟ ಅಂತಿದೆ. ಹೊಲಿಗೆ ಹಾಕಿಕೊಡು."

"ನಾನ್ಯಾಕೆ ಹಾಕಿಕೊಡಲಿ?"

"ದರ್ಜಿ ಅಂಗಡಿಯಿಂದ ಹರಿದ ಅಂಗಿ ಹೊರಗೆ ಹೋದ್ರೆ ಮರ್ಯಾದೆ ಯಾರದು?"

ಟೇಪಕ್ಕ ಹಲ್ಲು ಕಚ್ಚಿ ಸೂಜಿಗೆ ದಾರ ಪೋಣಿಸಿದಳು. ಎಳೆ ಬಿಟ್ಟ ಅಂಚನ್ನು ಕತ್ತರಿಸಿ ತೆಗೆದು, ಅವನ ತೋಳಿನ ಮೇಲೆಯೇ ಹೊಲಿಯತೊಡಗಿದಳು. ಅವನು ಉಸಿರು ಬಿಗಿಹಿಡಿದು ಕೂತ.

"ಚುಚ್ಚಲ್ಲ, ಉಸಿರಾಡಿ."

"ಚುಚ್ಚಿದ್ರೂ ಕೇಳೋ ಹಾಗಿಲ್ಲ ನಾನು."

ನಗಬಾರದೆಂದುಕೊಂಡಳು. ಆದರೂ ತುಟಿಯ ಒಂದು ಮೂಲೆ ಮಾತು ಕೇಳಲಿಲ್ಲ.

ಹೊಲಿದು ಮುಗಿದಾಗ ಅವನ ಕಣ್ಣು ಅಳತೆ ಪುಸ್ತಕದ ಮೇಲೆ ಬಿತ್ತು. ಕೈ ಚಾಚಿದವನು ಅರ್ಧದಲ್ಲೇ ನಿಲ್ಲಿಸಿದ.

"ಮುಟ್ಟಬಹುದಾ?"

ಆ ಪುಸ್ತಕವನ್ನು ಹೀಗೆ ಕೇಳಿ ಮುಟ್ಟಹೊರಟವರನ್ನು ಅವಳು ಕಂಡಿರಲಿಲ್ಲ.

"ಬೇಡ," ಎಂದಳು.

"ಸರಿ," ಎಂದು ಕೈ ಹಿಂದಕ್ಕೆಳೆದುಕೊಂಡ. ಮುಖ ಸಣ್ಣದಾಗಲಿಲ್ಲ. ಇನ್ನೊಮ್ಮೆ ಕೇಳಲೂ ಇಲ್ಲ.

ಅವಳ ಎದೆಯೊಳಗೆ ಯಾಕೋ ಏನೋ ಸಡಿಲವಾಯಿತು...

* * *

"ಪುಸ್ತಕ ನಿಮ್ಮದು. ಅಳತೆ ಅವರವರದು," ಎಂದಿದ್ದ ಅವನು. ಹಾಗಾಗಿ ಅಳಿಸಲು ಇನ್ನೂರ ಹನ್ನೆರಡು ಹೆಂಗಸರ ಸಹಿ ಬೇಕಿತ್ತು. ಅರ್ಜಿಯ ಮೇಲೆ ಹೆಸರಿಲ್ಲ, ಕಡತದ ನಂಬರ್ ಮಾತ್ರ. ಸಹಿಯ ಮೇಲೆ ಮಡಿಸಿ ಅಂಟಿಸುವ ಮುಚ್ಚಳ.

"ಇದು ಯಾರ ಉಪಾಯ?" ಎಂದಳು.

"ನಿಮ್ಮ ಅತ್ತೆದು. ಪುಸ್ತಕದಿಂದ ಪುಟಕ್ಕೊಂದು ಬಟ್ಟೆ ಚೂರು ಹೊರಗೆ ಇಣುಕ್ತಿತ್ತು, ಆ ದಿನ. ಹೆಸರಿಲ್ಲದೆಯೂ ಕೆಲಸ ಆಗುತ್ತೆ ಅನ್ನೋದು ಆಗ ಹೊಳೀತು."

ಸಂಜೆ ಸಂಜೆ ಇಬ್ಬರೂ ಸೈಕಲ್ ಹತ್ತಿ ಹೊರಟರು. ಅವನು ಪ್ರತಿ ಮನೆಯ ಗೇಟಿನ ಆಚೆಯೇ ನಿಲ್ಲುತ್ತಿದ್ದ. ಒಂದು ಸಂಜೆ ಹೊಲದಲ್ಲಿ ಗೆಡ್ಡೆ ಕೀಳುತ್ತಿದ್ದ ಹೆಂಗಸರು ಮಣ್ಣುಗೈ ಒರೆಸಿಕೊಂಡು, "ಎಲ್ಲಿಟ್ಟು ಸಹಿ ಮಾಡೋದವ್ವ?" ಎಂದಾಗ ಟೇಪಕ್ಕ ಸುತ್ತ ನೋಡಿದಳು. ಬಯಲು. ಕಲ್ಲೂ ಇಲ್ಲ, ಬೇಲಿಯೂ ಇಲ್ಲ.

ಅವನು ಬಂದು ಮುಂದಕ್ಕೆ ಬಾಗಿ ನಿಂತ. "ಬೆನ್ನ ಮೇಲಿಡಿ. ನನಗೆ ಕಾಣಲ್ಲ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಸಾಲುಗಟ್ಟಿ ಹನ್ನೊಂದು ಸಹಿ ಬಿದ್ದವು! "ಟೇಪಕ್ಕ, ಮೇಜು ಗಟ್ಟಿಮುಟ್ಟಾಗಿದೆ, ಬಿಡಬೇಡ!" ಎಂದು ಒಬ್ಬಳು ಕೂಗಿದಳು.

ಅವಳ ಕಿವಿಯ ತುದಿ ಬಿಸಿಯಾಯಿತು. ಬಾಗಿದ್ದವನ ಕತ್ತೂ ಕೆಂಪಾಗಿತ್ತು!

'ನಾಳೆಯೂ ಸಂಜೆ ಬೇಗ ಆದ್ರೆ ಸಾಕು...' ಎಂದುಕೊಂಡು ತನ್ನನ್ನು ತಾನೇ ಗದರಿಕೊಂಡಳು.

* * *

ಅಂಗಡಿಯ ಕಡತ ಯಾರು ಯಾರು ತೆರೆದಿದ್ದಾರೆಂದು ಟೇಪಕ್ಕ ಕೇಳಿ ಬರೆದ ಇಪ್ಪತ್ತೆಂಟನೆಯ ದಿನ ಕಂಪನಿಯಿಂದ ದಪ್ಪ ಲಕೋಟೆ ಬಂತು. ಅತ್ತೆಯೇ ಅಂಚೆಯವನಿಂದ ಇಸಿದುಕೊಂಡು, ಒಡೆದು, ಹಾಳೆಗಳನ್ನು ಮೇಜಿನ ಮೇಲೆ ಹರಡಿದ್ದಳು.

ಟೇಪಕ್ಕ ಗುಂಡಿ ಹಾಕುವ ಕೆಲಸ ಬಿಟ್ಟು ಓದತೊಡಗಿದಳು. 'ನಿಮ್ಮ ಅಂಗಡಿಯ ಕಡತ ತೆರೆದವರು.' ಸಾಲು ಸಾಲು ತಾರೀಖು. ಬೆಳಗ್ಗೆ ಆರೂ ಹತ್ತು. ಆರೂ ಹದಿಮೂರು. ಆರೂ ಹದಿನಾರು... ಕಚೇರಿಯ ಬಾಗಿಲು ತೆರೆಯುವ ಮುಂಚೆ, ಹತ್ತೊಂಬತ್ತು ದಿನ. ಪಕ್ಕದಲ್ಲಿ ಅರ್ಥವಾಗದ ಒಂದೊಂದು ಅಂಕಿ. ೪, ೪, ೪...

ತೆರೆದವನು ಪ್ರತಿ ಸಲವೂ ಒಬ್ಬನೇ. ಅವನು!

ಒಟ್ಟು ಇನ್ನೂರ ಹದಿಮೂರು ಸಲ.

ಕೊನೆಯದು ಯಾವ ಗಿರಾಕಿಯದೂ ಅಲ್ಲ. ಅವಳದೇ ಪುಟ. ಅವಳ ಫೋಟೋ, ವಯಸ್ಸು, ಮನೆ ವಿಳಾಸ ಇರುವ ಪುಟ. ಹನ್ನೊಂದು ಸೆಕೆಂಡು.

ಅವಳು ಹಾಳೆಯನ್ನು ಮಗುಚಿ ಇಟ್ಟಳು. 'ಗೇಟಿನ ಆಚೆ ನಿಂತವನು... ಬೆನ್ನು ಕೊಟ್ಟು ಕಣ್ಣು ಮುಚ್ಚಿದವನು... ಬೆಳಗಾಗೆದ್ದು ಕದ್ದು ನೋಡ್ತಿದ್ದನಾ?'

ಸಂಜೆ ಅವನು ಬಂದಾಗ ಒಳಗೆ ಬರಲು ಬಿಡಲಿಲ್ಲ.

"ಒಂದೇ ಮಾತು. ನನ್ನ ಪುಟ ತೆರೆದು ನೋಡಿದ್ದು ನಿಜವೋ ಸುಳ್ಳೋ?"

"ನಿಜ. ಆದ್ರೆ ಕಡೇ ಹಾಳೇಲಿ..."

"ನಿಜ ಅಂದ್ರಲ್ಲ, ಸಾಕು! ಪುಸ್ತಕ ಮುಟ್ಟೋಕೆ ಕೇಳಿದ್ರಿ. ನನ್ನನ್ನ ನೋಡೋಕೆ ಕೇಳಲಿಲ್ಲ!"

ಅವನು "ಹೌದು," ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ. ಸೈಕಲ್ ತಳ್ಳಿಕೊಂಡೇ ಹೋದ, ಹತ್ತಲಿಲ್ಲ.

ಆ ವಾರವೆಲ್ಲ ಟೇಪಕ್ಕನ ಹೊಲಿಗೆ ಸೊಟ್ಟ. ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ಅತ್ತೆ ಒಂದೇ ಸಲ ಕೇಳಿದಳು, "ಟಿಕ್ಕುರಾಯ ಯಾಕೆ ಬರಲಿಲ್ಲ?" ಆಮೇಲೆ ಕಾಗದ ಕತ್ತರಿಸುತ್ತ ಕೂತಳು.

* * *

ಎಂಟನೆಯ ದಿನ ಬಾಗಿಲಲ್ಲಿ ಟೀಚರಮ್ಮ!

ಕೈಯಲ್ಲಿ ಹೊಸ ಬಟ್ಟೆ, ಇನ್ನೊಂದು ಕೈಯಲ್ಲಿ ಒಂದೇ ಒಂದು ಹಾಳೆ.

"ಅರ್ಜಿಗೆ ಸಹಿ ಹಾಕಿ ಕಳಿಸಿದ ಮೇಲೆ, ಅಳಿಸಿದ್ದಾರಾ ಅಂತ ನಾನೂ ಕಾಗದ ಬರೆದು ಕೇಳಿದ್ದೆ ಕಣೇ. ಓದು."

'ನಿಮಗೆ ಸಂಬಂಧಿಸಿದ ಯಾವ ಮಾಹಿತಿಯೂ ನಮ್ಮಲ್ಲಿ ಉಳಿದಿಲ್ಲ. ಕಡತವನ್ನು ಬುಡಸಮೇತ ಅಳಿಸಲಾಗಿದೆ.'

"ಶಾಲೇಲಿ ನೋಡಿದವರು ನೋಡಿಯಾಯ್ತು," ಎಂದಳು ಟೀಚರಮ್ಮ. "ಮೊನ್ನೆ ನಾನೇ ಎದ್ದು ಹೇಳಿಬಿಟ್ಟೆ. ಹೌದು, ಕಾಯಿಲೆ ಬಂದಿತ್ತು, ಗೆದ್ದೆ ಅಂತ. ಆದ್ರೆ ಹೇಳೋದೋ ಬಿಡೋದೋ ನನ್ನ ಕೈಲಿರಬೇಕಿತ್ತು. ಈಗ ಆ ಸಾಲು ಯಾರ ಹತ್ರಾನೂ ಇಲ್ಲ, ನಿನ್ನ ಪುಸ್ತಕ ಬಿಟ್ಟು. ಅಲ್ಲೇ ಇರಲಿ. ತಗೋ, ಹೊಲಿ. ಕಾಲರ್ ಇರಲಿ ಈ ಸಲ!"

ಟೇಪಕ್ಕನಿಗೆ ಕಣ್ಣು ತುಂಬಿ ಬಟ್ಟೆಯೇ ಕಾಣಲಿಲ್ಲ. ಮೂಗು ಒರೆಸಿಕೊಂಡು ಗೋಡೆಯ ಮೊಳೆಯಿಂದ ಕಾಲರಿನ ಮಾದರಿ ತೆಗೆದಳು.

ಹಳೆಯದಲ್ಲ. ಗಟ್ಟಿ ಬಿಳಿ ಕಾಗದ. ಅದರ ಮೇಲೆ... ಅಚ್ಚಿನ ಅಕ್ಷರ!

'ಕಾರಣ ಸಂಖ್ಯೆ ೪: ಗಿರಾಕಿಯ ಕೋರಿಕೆಯಂತೆ ಕಡತವನ್ನು ಕೈಯಾರೆ ಅಳಿಸಲು.'

"ಅತ್ತೆ!" ಎಂದು ಕಿರುಚಿದಳು. "ಇದು ಎಲ್ಲಿಂದ ಬಂತು?"

"ಆ ಲಕೋಟೇಲಿ ಕಡೇದು. ಬೇರೆ ಹಾಳೆ ತೆಳು, ಇದೊಂದು ದಪ್ಪ ಇತ್ತು. ರಟ್ಟಿರಬೇಕು ಅಂತ ಕಾಲರ್ ಕತ್ತರಿಸಿದೆ. ಮಿಕ್ಕಿದ್ದರಲ್ಲಿ ತೋಳುಪಟ್ಟಿ. ಯಾಕೆ, ಅಳತೆ ತಪ್ಪಿದೆಯಾ?"

ಟೇಪಕ್ಕ ತೋಳುಪಟ್ಟಿಯ ಮಾದರಿಯನ್ನು ತಂದು ಕಾಲರಿನ ಅಂಚಿಗೆ ಕೂಡಿಸಿದಳು. ಕತ್ತರಿಸಿಹೋದ ಸಾಲು ಕೂಡಿತು.

'ಕಾರಣ ಸಂಖ್ಯೆ ೯: ಸಿಬ್ಬಂದಿಯ ಸ್ವಂತ ಕಾರಣ. ಅನುಮತಿ ಇರಲಿಲ್ಲ. ಸಿಬ್ಬಂದಿಯೇ ತನ್ನ ಮೇಲೆ ದೂರು ಬರೆದುಕೊಟ್ಟಿರುತ್ತಾರೆ. ಅವರಿಗೆ ಕಡತ ತೆರೆಯುವ ಅಧಿಕಾರವನ್ನು ಹಿಂಪಡೆಯಲಾಗಿದೆ.'

ತಾರೀಖುಗಳ ಪಟ್ಟಿ ತೆಗೆದು ನೋಡಿದಳು. ಇನ್ನೂರ ಹನ್ನೆರಡು ಸಲ ೪. ಒಂದೇ ಒಂದು ಸಲ ೯.

"ಅತ್ತೆ, ನಮ್ಮ ಪುಸ್ತಕದಲ್ಲಿ ಎಷ್ಟು ಪುಟ ತುಂಬಿವೆ?"

"ಇನ್ನೂರ ಹನ್ನೆರಡು. ಅದೂ ಮರೆತೆಯಾ?" ಅತ್ತೆ ಕತ್ತರಿ ಕೆಳಗಿಟ್ಟಳು. "ಓಡು. ಕಾಲರ್ ನಾನು ನೋಡ್ಕೋತೀನಿ. ಓಡೇ!"

* * *

ಅದೇ ಬಾಗಿಲು. ಈ ಸಲ ಅವಳು ಮೆಲ್ಲನೆ ತಳ್ಳಿದಳು.

ಹಿಂದಿನ ಸಾಲಿನಲ್ಲಿ ಅವನಿರಲಿಲ್ಲ. ಕಿಟಕಿಯ ಪಕ್ಕದ ಸಣ್ಣ ಮೇಜಿನಲ್ಲಿದ್ದ. ಮುಂದೆ ಕಂಪ್ಯೂಟರ್ ಇಲ್ಲ; ಕಾಗದದ ರಾಶಿ, ಅಂಟು, ಪೆನ್ನು. ಜನ ಕಳಿಸುವ ಅಳಿಸುವಿಕೆಯ ಅರ್ಜಿಗಳಿಗೆ ಕೈಯಲ್ಲೇ ಉತ್ತರ ಬರೆಯುತ್ತಿದ್ದ. ಮೈಮೇಲೆ ಅವಳು ಹೊಲಿದ ತೋಳಿನ ಅಂಗಿ.

ಅವಳು ಕಾಲರನ್ನೂ ತೋಳುಪಟ್ಟಿಯನ್ನೂ ಅವನ ಮುಂದೆ ಕೂಡಿಸಿ ಇಟ್ಟಳು.

ಅವನು ನೋಡಿದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ನಗು ತಡೆಯಲಾಗಲಿಲ್ಲ. "ಕಾರಣ ಮೊದಲ ಹಾಳೇಲೇ ಹಾಕಿ ಅಂತ ಕಂಪನಿಗೆ ಎಷ್ಟು ಬಡ್ಕೊಂಡೆ..."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಇನ್ನೂರ ಹನ್ನೆರಡಕ್ಕೆ ಕಾರಣ ಇತ್ತು. ಅವನ್ನ ತೆರೆಯುವಾಗ ಪರದೆಗೆ ರಟ್ಟು ಅಂಟಿಸ್ಕೊಂಡಿದ್ದೆ, ನಂಬರ್ ಮಾತ್ರ ಕಾಣೋ ಹಾಗೆ. ಆದ್ರೆ ನೀವು ಕೇಳಿದ್ದು ಉಳಿದ ಆ ಒಂದರ ಬಗ್ಗೆ. ಅದಕ್ಕೆ ಕಾರಣ ಇದ್ರೂ ಹಕ್ಕಿರಲಿಲ್ಲ."

"ಕಾರಣ ಏನು?"

ಅವನ ಕೈಯ ಪೆನ್ನು ಉರುಳಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಅಂದು ಎಲ್ಲಾ ಅಳಿಸಿ ಮುಗಿದಿತ್ತು. ಇನ್ನು ಸಂಜೆ ಸೈಕಲ್ ಇಲ್ಲ, ಸಹಿ ಇಲ್ಲ... ನಿಮ್ಮನ್ನ ಮತ್ತೆ ನೋಡೋಕೆ ನೆಪವೇ ಇಲ್ಲ ಅನ್ನಿಸ್ತು. ಒಂದು ಸಲ ಮುಖ ನೋಡೋಣ ಅಂತ ತೆರೆದುಬಿಟ್ಟೆ. ಹಲ್ಲಲ್ಲಿ ದಾರ ಕಚ್ಕೊಂಡಿರೋ ಫೋಟೋ. ಹನ್ನೊಂದನೇ ಸೆಕೆಂಡಿಗೆ ನಾಚಿಕೆ ಆಯ್ತು. ಮುಚ್ಚಿ, ನನ್ನ ಮೇಲೆ ನಾನೇ ದೂರು ಬರೆದೆ."

ಕಚೇರಿಯ ಐದಾರು ತಲೆಗಳು ಕೆಲಸ ಮಾಡುವವರಂತೆ ನಟಿಸುತ್ತಿದ್ದವು. ಒಂದು ಕೀಲಿಯ ಸದ್ದೂ ಇರಲಿಲ್ಲ!

ಟೇಪಕ್ಕನ ಎದೆ ಯಂತ್ರದ ಸೂಜಿಯ ಹಾಗೆ ಹಾರುತ್ತಿತ್ತು. ಕಂಕುಳಲ್ಲಿ ಹಿಡಿದು ತಂದಿದ್ದ ಅಳತೆ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಮುಟ್ಟಿ."

"ನಿಜವಾಗ್ಲೂ?"

"ಕೇಳಿದ್ರಲ್ಲ ಆ ದಿನ. ಈಗ ಉತ್ತರ ಕೊಡ್ತಿದ್ದೀನಿ. ಕಡೇ ಪುಟ ಮಾತ್ರ."

ಅವನು ಎರಡೂ ಕೈಯಲ್ಲಿ ಕೊನೆಯ ಪುಟ ತೆರೆದ. ಅಂಕಿ ಒಂದೂ ಇಲ್ಲದ ಖಾಲಿ ಪುಟ. ಮೇಲ್ಗಡೆ, ಹೆಸರಿರಬೇಕಾದಲ್ಲಿ, ಎಳೆ ಬಿಟ್ಟ ಒಂದು ಚೂರು ಬಟ್ಟೆ. ಅವನು ತನ್ನ ತೋಳು ನೋಡಿಕೊಂಡ. ಅದೇ ಬಣ್ಣ, ಅದೇ ಗೆರೆ!

"ಇದು ಯಾವಾಗ..."

"ಮೊದಲ ದಿನವೇ. ನೀವು ಮೆಟ್ಟಿಲಿಳಿದ ಮೇಲೆ." ಅವಳು ಕಣ್ಣು ಕೆಳಗೆ ಮಾಡಿದಳು. "ನಿಮ್ಮನ್ನ ಕೇಳದೇನೇ ಇಟ್ಕೊಂಡೆ. ದೂರು ಬರೆಯೋದಿದ್ರೆ ನನ್ನ ಮೇಲೂ ಬರೀರಿ."

"ಅಳಿಸಬೇಕು ಅಂತ ನಾನು ಅರ್ಜಿ ಕೊಡಬಹುದು, ಗೊತ್ತಾ?"

"ಕೊಡ್ತೀರಾ?"

"ಇಲ್ಲ... ಒಪ್ಪಿದೆ."

"ಎಲ್ಲಕ್ಕೂ?"

"ಎಲ್ಲಕ್ಕೂ. ಗುಂಡಿ ಒತ್ತಿ ಅಲ್ಲ, ಓದಿ ನೋಡಿ."

ಅವಳು ಅಂಗಡಿಯ ಹೊರಗೆ ಮೊದಲ ಬಾರಿಗೆ ಕೊರಳಿನಿಂದ ಟೇಪು ಇಳಿಸಿದಳು. "ಹಾಗಾದ್ರೆ ಎದ್ದು ನಿಲ್ಲಿ. ಪುಟ ಖಾಲಿ ಇದೆ."

ಅವನು ನಿಂತ. ಅವಳು ಭುಜದಿಂದ ಭುಜಕ್ಕೆ ಟೇಪು ಹಿಡಿದಳು. ಅಂಕಿ ಅಲ್ಲೇ ಕಣ್ಣೆದುರಿಗಿದ್ದರೂ ಓದಲಾಗಲಿಲ್ಲ.

"ಎಷ್ಟು ಬಂತು?" ಅವನು ಪಿಸುಗುಟ್ಟಿದ.

"ಹೇಳಲ್ಲ. ಇಲ್ಲಿ ಬೇರೆಯವರಿದ್ದಾರೆ."

"ಎಷ್ಟು ದಿನ ಇಟ್ಕೋತೀಯ ಈ ಅಳತೆನ? ಕಾನೂನು ಪ್ರಕಾರ ಅದನ್ನೂ ಹೇಳಬೇಕು."

'ನೀವು' ಯಾವಾಗ 'ನೀನು' ಆಯಿತೋ, ಇಬ್ಬರಿಗೂ ಗೊತ್ತಾಗಲಿಲ್ಲ.

"ಮೈ ಬದಲಾಗ್ತಾ ಇರುತ್ತೆ," ಎಂದಳು ಅವಳು, ಟೇಪಿನ ಎರಡೂ ತುದಿ ಬಿಡದೆ. "ವರ್ಷ ವರ್ಷ ಬಂದು ಹೊಸದಾಗಿ ಕೊಡಬೇಕಾಗುತ್ತೆ ನೀನು."